ನಿಶಾತ್ ಮೇಡಂ ಮತ್ತು ಸಕಲೇಶಪುರದ ಬಸ್ಸು

ಕಲಿಕೆಯಲ್ಲಿ ನಿಧಾನವಿರುವ ಮಕ್ಕಳಿಗೆ ಪಾಠ ಹೇಳುವುದು ಹೇಗೆಂದು ಶಿಕ್ಷಕರಿಗೆ ಕಲಿಸುವುದರಲ್ಲೇ ನಿಶಾತ್ ತಮ್ಮ ನೌಕರಿಯ ಕಾಲವನ್ನೆಲ್ಲ ಕಳೆದರು. ಮೈಸೂರಿನ ಒಂದು ವಿಶೇಷ ಶಾಲೆಯಲ್ಲಿ ಶುರುವಾದ ಕೆಲಸ, ವಿದ್ಯಾರ್ಥಿವೇತನ ಸಿಕ್ಕಿ ಇಂಗ್ಲೆಂಡಿನವರೆಗೂ ಹೋಯಿತು. ಅಲ್ಲಿನ ವಿಶ್ವವಿದ್ಯಾಲಯವೊಂದರಲ್ಲಿ ಪ್ರಾಧ್ಯಾಪಕಿಯಾಗಿ ಉಗಾಂಡ, ನೇಪಾಳ, ವಿಯೆಟ್ನಾಂ ದೇಶಗಳ ಶಿಕ್ಷಕರಿಗೆ ತರಬೇತಿ ಕೊಟ್ಟರು. ಇದಕ್ಕೆಲ್ಲ ಮೂಲ ತಂಗಿ ಜೇಬಾ. ಡೌನ್ ಸಿಂಡ್ರೋಮ್ ಇದ್ದ ಅವಳನ್ನು ಶಾಲೆಗೆ ಸೇರಿಸಿದ ವಾರವೇ ಮನೆಗೆ ಕಳಿಸಿದ್ದರು. ಆಗ ಕಾಲೇಜಿನಲ್ಲಿದ್ದ ನಿಶಾತ್, ಅಪ್ಪ ಚಾಂದ್ ಪಾಷಾ ಅವರ ಲಾರಿಯ ನಂಬರ್ ಪ್ಲೇಟನ್ನೇ ಓದಿಸಿ ತಂಗಿಗೆ ಅಂಕಿ ಕಲಿಸಿದರು.

ನಿವೃತ್ತಿಯಾದ ಮೇಲೆ ಅವರು ಆಲೂರಿಗೆ, ಅಮ್ಮ ಬೀಬಿಜಾನ್ ಮತ್ತು ಜೇಬಾ ಇದ್ದ ಮನೆಗೆ ಬಂದರು. ತಮ್ಮ ಅಯಾಜ್‌ಗೆ ಸಕಲೇಶಪುರದಲ್ಲಿ ಕಾಫಿಪುಡಿ ಅಂಗಡಿ. ಪ್ಯಾಕೆಟ್ ತುಂಬಿ ಸೀಲ್ ಮಾಡುವ ಕೆಲಸಕ್ಕೆ ಜೇಬಾ ಸೇರಿಕೊಂಡಳು. ಅವಳಿಗೆ ಕೆಲಸವಷ್ಟೇ ಸಾಲದು, ಅಲ್ಲಿಗೆ ಬಸ್ಸಿನಲ್ಲಿ ಒಬ್ಬಳೇ ಹೋಗಬೇಕಿತ್ತು.

ನಿಶಾತ್‌ಗೆ ಇದೇನೂ ಹೊಸತಲ್ಲ. ದಾರಿ ಕಲಿಸುವಾಗ ಮೊದಲು ಪಕ್ಕದಲ್ಲಿ ಕೂರಬೇಕು, ಆಮೇಲೆ ಹಿಂದಿನ ಸೀಟಿಗೆ ಸರಿಯಬೇಕು, ಕೊನೆಗೆ ಬಸ್ಸನ್ನೇ ಹತ್ತಬಾರದು ಎಂದು ಕಠ್ಮಂಡುವಿನಲ್ಲಿ ಪಾಠ ಹೇಳಿದವರು ಅವರು. ಜೇಬಾಳ ಪಕ್ಕ ಕೂತರು. ಹಿಂದಿನ ಸೀಟಿಗೂ ಸರಿದರು. ಮಳೆಗಾಲ ಮುಗಿದು ಕಾಫಿ ಕೊಯ್ಲು ಬಂದರೂ ಆ ಸೀಟು ಬಿಡಲಿಲ್ಲ.

ಆಲೂರಿನ ಶಾಲೆಯೊಂದರ ಟೀಚರ್ ವಾಣಿ ಶನಿವಾರಗಳಲ್ಲಿ ನಿಶಾತ್ ಅವರ ಹತ್ತಿರ ಕಲಿಯಲು ಬರುತ್ತಿದ್ದರು. ಒಂದು ಶನಿವಾರ, ಟೀ ತಂದುಕೊಟ್ಟ ಜೇಬಾಳನ್ನು ಕೇಳಿದರು: "ಜೇಬಕ್ಕಾ, ಬಸ್ಸಲ್ಲಿ ಒಬ್ರೇ ಹೋಗ್ತೀರಾ?"

"ಇನ್ನೂ ಸ್ವಲ್ಪ ದಿನ ಬೇಕು," ಎಂದರು ನಿಶಾತ್.

"ಆಪಾ, ಟೀಚರ್ ಕೇಳಿದ್ದು ನನ್ನ," ಎಂದಳು ಜೇಬಾ.

ವಾಣಿ ಟೀ ಲೋಟದೊಳಗೆ ಏನೋ ಹುಡುಕುವವರಂತೆ ತಲೆ ತಗ್ಗಿಸಿದರು. ಮಗುವನ್ನು ಕೇಳಿದ ಪ್ರಶ್ನೆಗೆ ಪಕ್ಕದವರು ಉತ್ತರ ಕೊಡಬಾರದು ಎಂಬುದು ನಿಶಾತ್ ಯಾವ ದೇಶಕ್ಕೆ ಹೋದರೂ ಹೇಳುತ್ತಿದ್ದ ಮೊದಲ ಪಾಠ.

"ಸರಿ, ನೀನೇ ಹೇಳು," ಎಂದರು.

"ಸೋಮವಾರ ಹೋಗ್ತೀನಿ. ನೀನು ಬಸ್ ಹತ್ತಬ್ಯಾಡ."

ಸೋಮವಾರ ಬೆಳಿಗ್ಗೆ ಜೇಬಾ ಫ್ರೀ ಟಿಕೆಟ್ಟಿಗೆಂದು ಆಧಾರ್ ಕಾರ್ಡ್ ಕೈಯಲ್ಲೇ ಹಿಡಿದು ಬಸ್ ಹತ್ತಿದಳು. ಬಸ್ಸು ತಿರುವಿನಲ್ಲಿ ಮರೆಯಾಯಿತು. ನಿಶಾತ್ ಮನೆಗೆ ಬಂದು ಕೂತರು, ಎದ್ದರು, ಕಾರಿನ ಕೀ ತೆಗೆದುಕೊಂಡರು. ಹತ್ತಬಾರದೆಂದು ಹೇಳಿದ್ದು ಬಸ್ಸನ್ನು. ಕಾರಿನ ಮಾತೇ ಬಂದಿರಲಿಲ್ಲವಲ್ಲ.

ಪಾಳ್ಯ ದಾಟುವಷ್ಟರಲ್ಲಿ ಬಸ್ಸು ಸಿಕ್ಕಿತು. ಅಂತರ ಬಿಟ್ಟು ಹಿಂದೆಯೇ ಹೋದರು. ಬಾಳ್ಳುಪೇಟೆಯಲ್ಲಿ ಬಸ್ಸು ನಿಂತಾಗ ಕಂಡಕ್ಟರ್ ಧರ್ಮ ಇಳಿದು ನೇರವಾಗಿ ಕಾರಿನ ಹತ್ತಿರ ಬಂದ.

"ಮೇಡಂ, ನಿಮ್ ತಂಗಿ ಹೇಳ್ತಾವ್ರೆ, ಕಾರು ತಿರುಗಿಸ್ಕಂಡು ವಾಪಸ್ ಹೋಗ್ಬೇಕಂತೆ. ಇಲ್ಲಾಂದ್ರೆ ಇಲ್ಲೇ ಇಳ್ದುಬುಡ್ತಾರಂತೆ. ನಂಗೂ ಟೈಮಾಯ್ತು ಕಣ್ರೀ, ಏನಂತ ಹೇಳ್ಲಿ?"

ಬಸ್ಸಿನ ಕೊನೆಯ ಕಿಟಕಿಯಲ್ಲಿ ಜೇಬಾಳ ಮುಖ ಕಾಣುತ್ತಿತ್ತು. ನಗುತ್ತಿರಲಿಲ್ಲ.

"ಹೋಗ್ತಾರಂತೆ ಅಂತ ಹೇಳಪ್ಪ," ಎಂದರು ನಿಶಾತ್.

ಕಾರು ತಿರುಗಿಸಿದರು. ಮನೆಯವರೆಗೆ ಹೋಗಲು ಮನಸ್ಸು ಬಾರದೆ ರಸ್ತೆ ಬದಿಯ ಹೋಟೆಲಿನಲ್ಲಿ ಕಾಫಿ ಹೇಳಿ, ಫೋನನ್ನು ಎದುರಿಗಿಟ್ಟುಕೊಂಡು ಕೂತರು. ಕಾಫಿ ತಣ್ಣಗಾದ ಮೇಲೆ ಫೋನ್ ಬಂತು.

"ಅಂಗಡೀಲಿದ್ದೀನಿ ಆಪಾ. ನೀನೆಲ್ಲಿ?"

"ಮನೇಲಿ."

"ಮನೇಲಿ ಯಾರು 'ಎರಡು ದೋಸೆ' ಅಂತಿರೋದು?"

ಆ ಕಡೆಯಿಂದ ಅಯಾಜ್‌ನ ನಗು ಕೇಳಿಸಿತು. ನಿಶಾತ್ ಕೂಡ ನಕ್ಕರು.

"ಸಾಯಂಕಾಲ ನಾನೇ ಬರ್ತೀನಿ," ಎಂದಳು ಜೇಬಾ. "ಸ್ಟಾಪಿಗೆ ಬರಬ್ಯಾಡ. ಟೀ ಮಾಡಿಡು."

ಸಾಯಂಕಾಲ ನಿಶಾತ್ ಒಲೆಯ ಮೇಲೆ ನೀರಿಟ್ಟು ಬಾಗಿಲ ಕಡೆ ಹೊರಟರು.

"ಗೇಟಿಗೆ ಹೋಗಬ್ಯಾಡ, ಬೈತಾಳೆ," ಎಂದರು ಕುರ್ಚಿಯಲ್ಲಿ ಕೂತಿದ್ದ ಬೀಬಿಜಾನ್.

ನಿಶಾತ್ ಒಳಗೆ ತಿರುಗಿ ಟೀಪುಡಿ, ಹಾಲು ಹಾಕಿದರು. ಗೇಟು ತೆಗೆದ ಸದ್ದಾದಾಗ ಟೀ ಉಕ್ಕಿ ಬರುತ್ತಿತ್ತು. ಅವರು ಮೊದಲು ಒಲೆ ಸಣ್ಣ ಮಾಡಿದರು.