ಬಾವಿಯ ಮುಂದೆ ಆರಿದ ಆರತಿ

ನನಗೆ ತಾಳ್ಮೆ ಇಲ್ಲವೆಂದು ನಮ್ಮ ಅತ್ತೆ ಊರಿಗೆಲ್ಲ ಹೇಳುತ್ತಾರೆ. ನಿಜವೇ ಇದ್ದೀತು. ಆದರೆ ಅಕ್ಕಿಆಲೂರಿನ ನಮ್ಮ ಖಾನಾವಳಿಯ ಸಾರಿನಲ್ಲಿ ಪೆಟ್ರೋಲಿನ ವಾಸನೆ ಬಂದರೆ ಯಾರ ತಾಳ್ಮೆ ಉಳಿಯುತ್ತದೆ? ಸಂತೆಗೆ ಬಂದವರು ತಾಟು ಸರಿಸಿ ಎದ್ದರು. “ಸ್ಟೋವಿನ ಎಣ್ಣಿ ಚೆಲ್ಲಿತೇನ್ರಿ?” ಎಂದು ಒಬ್ಬರು ಕೇಳಿದರು. ನಮ್ಮದು ಗ್ಯಾಸಿನ ಒಲೆ! ಓಡಿಹೋಗಿ ಹಿತ್ತಲಿನ ಬಾವಿಯಿಂದ ಒಂದು ಕೊಡ ಸೇದಿ ನೋಡಿದೆ. ನೀರಿನ ಮೇಲೆ ಬಣ್ಣಬಣ್ಣದ ಪದರ. ಪಕ್ಕದ ಪೆಟ್ರೋಲ್ ಬಂಕಿನ ನೆಲದೊಳಗಿನ ಟ್ಯಾಂಕು ಸೋರಿ ಪೆಟ್ರೋಲ್ ನಮ್ಮ ಬಾವಿಗೆ ಇಳಿದಿತ್ತು. ಟ್ಯಾಂಕರ್ ನೀರು ತರಿಸಿ ಅಡಿಗೆ ಮಾಡಿದೆವು. ಊರು ನಂಬಲಿಲ್ಲ. ಖಾನಾವಳಿಗೆ ಬೀಗ ಬಿತ್ತು.

ಬಂಕಿನವರು ಟ್ಯಾಂಕು ಅಗೆದು ತೆಗೆದರು. ನೀರು ಶುದ್ಧ ಮಾಡಲು ಹುಬ್ಬಳ್ಳಿಯಿಂದ ಒಂದು ತಂಡ ಬಂತು. ಅದರ ಮುಂದಾಳು ಹೆಲ್ಮೆಟ್ ಹಾಕಿದ ಒಬ್ಬ ಇಂಜಿನಿಯರ್ ಹುಡುಗಿ. ಅಲ್ಲಿಂದ ಮುಂದೆ ನನಗೆ ದಿನಾ ಹಬ್ಬ! ಬಾವಿಯ ಸುತ್ತ ಕೊಳವೆ ಇಳಿಸಿದರು. ತೇಲುವ ಪೆಟ್ರೋಲನ್ನು ಹಾಲಿನ ಕೆನೆಯಂತೆ ತೆಗೆದರು. ಮಣ್ಣಿನಲ್ಲಿ ಸೇರಿದ ಆವಿಯನ್ನು ಯಂತ್ರ ಹಚ್ಚಿ ಎಳೆದರು. ಉಳಿದಿದ್ದನ್ನು ಕಣ್ಣಿಗೆ ಕಾಣದ ಜೀವಿಗಳು ತಿಂದು ಮುಗಿಸುತ್ತವಂತೆ!

“ಪೆಟ್ರೋಲ್ ತಿಂತಾವಾ?” ಎಂದೆ.

“ಗಾಳಿ ಊದಿ ಕೊಟ್ರ ಚಲೋ ತಿಂತಾವ್ರಿ ಅಕ್ಕಾರ,” ಎಂದಳು ಹುಡುಗಿ.

“ಹಂಗಾರ ಈಗ ನಮ್ಮ ಖಾನಾವಳಿಗೆ ಅವೇ ಗಿರಾಕಿ!”

ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಅತ್ತೆ ಮಾತ್ರ ನಗಲಿಲ್ಲ. ಶುಕ್ರವಾರ ಬಂದರೆ ಬಾವಿಗೆ ಕರ್ಪೂರದ ಆರತಿ ಎತ್ತುವುದು ಅವರ ಪದ್ಧತಿ. ಬಾವಿಯೊಳಗಿನ ಗಂಗವ್ವನಿಗೆ ಇಂಥ ಕಷ್ಟ ಬಂದಾಗ ಬಿಟ್ಟಾರೆಯೇ? ಬೆಂಕಿ ತರಬಾರದೆಂದು ಬೋರ್ಡು ಇತ್ತು, ನಾನೂ ಬಾಯಿ ನೋಯುವಷ್ಟು ಹೇಳಿದ್ದೆ. ಅತ್ತೆಯ ಪ್ರಕಾರ ಬೀಡಿ ಹಚ್ಚಿದರೆ ಬೆಂಕಿ, ಆರತಿ ಹಚ್ಚಿದರೆ ದೇವರು. ಕೊಳವೆಯ ಮುಚ್ಚಳ ತೆಗೆದಿದ್ದ ಹೊತ್ತಿನಲ್ಲೇ ಧಗಧಗ ಉರಿಯುವ ತಟ್ಟೆ ಹಿಡಿದು ಹಿತ್ತಲ ಬಾಗಿಲು ದಾಟಿದರು!

“ಅಮ್ಮಾರ, ಅಲ್ಲೇ ನಿಂದರ್ರಿ!”

ಹುಡುಗಿ ಹಾರಿ ಬಂದು ತನ್ನ ಹೆಲ್ಮೆಟ್ ತೆಗೆದು ಆರತಿಯ ಮೇಲೆ ಬೋರಲು ಹಾಕಿದಳು. ನನ್ನ ಜೀವ ಬಾಯಿಗೆ ಬಂದಿತ್ತು. ಅತ್ತೆಗೆ ಬಂದದ್ದು ಸಿಟ್ಟು.

“ಗಂಗವ್ವನ ಆರತಿ ಆರಿಸಿದೆಲ್ಲ! ಇನ್ನ ಈ ಬಾವಿ ನೀರು ನಾ ಕುಡಿಯಂಗಿಲ್ಲ!”

“ಮನೀನ ಸುಡತಿತ್ರಿ ಅಮ್ಮಾರ,” ಎಂದಳು ಹುಡುಗಿ.

ಅತ್ತೆ ಕುಡಿಯದ ನೀರನ್ನು ನಮ್ಮ ಓಣಿಯಲ್ಲಿ ಯಾರೂ ಕುಡಿಯರು. ನೀರು ತಿಳಿಯಾದರೂ ಖಾನಾವಳಿ ತೆರೆಯುವುದಿಲ್ಲ ಎಂದು ನನಗೆ ಅಳುವೇ ಬಂತು.

ಮರುವರ್ಷ ಮಳೆಗಾಲ ಕಳೆಯಿತು. ನೀರನ್ನು ಮೇಲಿಂದ ಮೇಲೆ ಪರೀಕ್ಷೆಗೆ ಕಳಿಸಿದರು. ಕೊನೆಗೊಂದು ಮಧ್ಯಾಹ್ನ ಹುಡುಗಿ ಗೇಟಿನಿಂದಲೇ ಕೂಗಿದಳು, “ಅಕ್ಕಾರ, ಕುಡೀಬಹುದಂತ್ರಿ!” ನಾನು ಕುಣಿದೇ ಬಿಟ್ಟೆ. ಸೇದಿದೆ, ಮೂಸಿದೆ, ಮತ್ತೆ ಮೂಸಿದೆ. ಏನೂ ಇಲ್ಲ! ಚೊಂಬು ತುಂಬಿ ಅತ್ತೆಯ ಮುಂದೆ ಹಿಡಿದೆ.

ಅವರು ಮುಖ ತಿರುಗಿಸಿದರು. “ಆರತಿ ಆರಿಸಿದಾಕಿ ಮೊದ್ಲ ಕುಡೀಲಿ.”

ಹುಡುಗಿ ಚೊಂಬು ತೆಗೆದುಕೊಂಡು ಕಚ್ಚಿ ಕುಡಿಯತೊಡಗಿದಳು. ಗಟಗಟ ಕುಡಿದಳು, ಗಲ್ಲದ ಮೇಲೆಲ್ಲ ನೀರು. ಅತ್ತೆ ಅವಳ ಗಂಟಲನ್ನೇ ನೋಡುತ್ತಿದ್ದರು. ಅರ್ಧ ಖಾಲಿಯಾಗಿರಬೇಕು, ಫಕ್ಕನೆ ಕೈ ಚಾಚಿ, “ಸಾಕು, ನನಗೂ ಬಿಡ ತಂಗಿ,” ಎಂದು ಚೊಂಬು ಕಸಿದುಕೊಂಡರು. ಮೊಮ್ಮಕ್ಕಳ ಎಂಜಲನ್ನೂ ಮುಟ್ಟದ ಹೆಂಗಸು ಅದೇ ಚೊಂಬಿಗೆ ಬಾಯಿಟ್ಟು ತಳದವರೆಗೆ ಕುಡಿದರು.

ಸೆರಗಿನಿಂದ ಬಾಯಿ ಒರೆಸಿಕೊಂಡು ನನ್ನ ಕಡೆ ತಿರುಗಿದರು. “ಏನ್ ನೋಡ್ಕೋತ ನಿಂತಿ? ನಾಳಿ ಸಂತಿ ಐತಿ. ಬ್ಯಾಳಿ ಎಷ್ಟ್ ಐತಿ ನೋಡ್ಹೋಗು.”