ನನ್ನ ನಂಬಿಕಸ್ಥತನಕ್ಕೊಂದು ಅಪಾಯಿಂಟ್‌ಮೆಂಟ್

ನಾನು ನಂಬಿಕೆಗೆ ಯೋಗ್ಯನೋ ಅಲ್ಲವೋ ಎಂದು ಪರಿಶೀಲಿಸಲು ಸರಕಾರ ಪುರುಸೊತ್ತು ಮಾಡಿಕೊಂಡು ಕೊಟ್ಟ ದಿನಾಂಕ, ನನ್ನ ಅಕ್ಕನ ಮಗಳ ಮದುವೆ ಮುಗಿದು ತಿಂಗಳಾದ ಮೇಲಿನ ಒಂದು ಮಂಗಳವಾರ.

"ಅಲ್ಲಿಯವರೆಗೆ ನಾನು ಯಾರು?" ಎಂದು ಹೆಂಡತಿಯನ್ನು ಕೇಳಿದೆ.

"ಅಲ್ಲಿಯವರೆಗೆ ಹಾಲು ತರುವವರು. ಹಾಲು ಅಂದ್ರೆ ಹಾಲು. ಕಳೆದ ಸಲ ಮಜ್ಜಿಗೆ ತಂದಿದ್ರಿ."

(ಇಲ್ಲಿ ಮಸ್ಕತ್ತಿನ ಅಂಗಡಿಗಳಲ್ಲಿ ಎರಡಕ್ಕೂ ಒಂದೇ ಬಗೆಯ ಡಬ್ಬಿ. ನನ್ನ ವಾದವನ್ನು ಮನೆಯಲ್ಲಿ ಯಾರೂ ಒಪ್ಪಿಲ್ಲ.)

ವಿಷಯ ಹೀಗಿದೆ. ವಿಮಾನ ನಿಲ್ದಾಣಗಳಲ್ಲಿ ಈಗ ಹೊಸದೊಂದು ದಾರಿ. ಮೊದಲೇ ಅರ್ಜಿ ಹಾಕಿ, ಬೆರಳಚ್ಚು ಕೊಟ್ಟು, ಅಧಿಕಾರಿಯೊಬ್ಬರ ಮುಂದೆ ಕೂತು ಕೇಳಿದ್ದಕ್ಕೆ ಉತ್ತರಿಸಿ ಪಾಸಾದರೆ ನೀವು 'ಟ್ರಸ್ಟೆಡ್ ಟ್ರಾವೆಲರ್'. ಅಂದರೆ ನಂಬಿಕಸ್ಥ ಪ್ರಯಾಣಿಕ. ಇಮಿಗ್ರೇಶನ್ನಿನ ಹನುಮಂತನ ಬಾಲದಂಥ ಕ್ಯೂ ಬಿಟ್ಟು, ಗಾಜಿನ ಗೇಟಿನ ಮುಂದೆ ನಿಂತು ಬೆರಳೊತ್ತಿ ದಾಟಬಹುದು.

ಶೋಕಿಗಾಗಿ ನನಗದು ಬೇಕಿರಲಿಲ್ಲ. ನಮ್ಮ ಮನೆತನದ ಮದುವೆಗಳಲ್ಲಿ ಹುಡುಗಿಯ ಕೈ ಹಿಡಿದು ಮಂಟಪಕ್ಕೆ ಕರೆತರುವುದು ಸೋದರಮಾವ. ಇರುವವನು ನಾನೊಬ್ಬನೇ. ರಜೆ ಸಿಕ್ಕಿದ್ದು ಮದುವೆಯ ಹಿಂದಿನ ದಿನದಿಂದ. ಟಿಕೆಟ್ ಸಿಕ್ಕಿದ್ದು ಮುಂಬೈ ಮೇಲಿಂದ. ಮಸ್ಕತ್ತಿನ ವಿಮಾನ ಇಳಿದು ಮಂಗಳೂರಿನ ವಿಮಾನ ಹತ್ತುವುದರ ನಡುವೆ ಆ ಕ್ಯೂ ಇತ್ತು. ನಿಶ್ಚಿತಾರ್ಥಕ್ಕೆ ಹೊರಟಾಗ ಅದರಲ್ಲೇ ನಿಂತು ವಿಮಾನ ತಪ್ಪಿಸಿಕೊಂಡಿದ್ದೆ. ನಾನು ಹಾಲ್ ಮುಟ್ಟುವಾಗ ಊಟದ ಎಲೆ ಎತ್ತುತ್ತಿದ್ದರು. ಅಕ್ಕ ಏನೂ ಹೇಳಲಿಲ್ಲ. ಅಕ್ಕ ಏನೂ ಹೇಳದಿದ್ದರೆ ಏನರ್ಥವೆಂದು ಅಕ್ಕಂದಿರು ಇರುವವರಿಗೆ ವಿವರಿಸಬೇಕೆ?

ಮದುವೆಗೆ ಎರಡು ವಾರ ಮೊದಲು ಆಫೀಸಿನ ಕೆಲಸಕ್ಕೆ ನಾನು ಮುಂಬೈಗೆ ಹೋಗುವುದಿತ್ತು. ಸಂದರ್ಶನವೂ ಅಲ್ಲೇ; ಆಗಲೇ ಮುಗಿದುಬಿಟ್ಟರೆ ಬಚಾವ್. ಆದರೆ ಕೊಟ್ಟ ದಿನಾಂಕವನ್ನು ಬೇಗದ್ದು ಮಾಡಿಸಿಕೊಳ್ಳುವುದು ಹೇಗೆ? ವೆಬ್‌ಸೈಟ್‌ನಲ್ಲಿ 'ಬೇಗದ ದಿನಾಂಕ ಲಭ್ಯವಾದರೆ ತೋರಿಸಲಾಗುವುದು' ಎಂದಿತ್ತು. ಯಾರಿಗೆ? ಯಾವಾಗ? ಅದನ್ನು ತಿಳಿಯಲು ಇನ್ನೊಂದು ಅರ್ಜಿ ಹಾಕಬೇಕೆ?

ನಾವಿರುವುದು ಮಸ್ಕತ್ತಿನ ಅಲ್ ಹೈಲ್‌ನಲ್ಲಿ. ನಮ್ಮ ಮೇಲಿನ ಮಹಡಿಯವರು ಲಾರೆನ್ಸ್. ಉಡುಪಿ ಕಡೆಯ ಕೊಂಕಣಿ ಮನುಷ್ಯ, ಶಿಪ್ಪಿಂಗ್ ಆಫೀಸಿನಲ್ಲಿ ಕೆಲಸ. ಲೋಕದ ಯಾವ ಪ್ರಶ್ನೆಗೂ ಅವರಲ್ಲೊಂದು ಸಿದ್ಧಾಂತವಿದೆ.

"ಶುಕ್ರವಾರ ಬೆಳಿಗ್ಗೆ ನೋಡ್ಬೇಕು ಶೆಟ್ರೆ. ಗಲ್ಫಿನವರಿಗೆಲ್ಲ ಅವತ್ತು ರಜೆ. ರಜೆ ಇದ್ದವ ಏನು ಮಾಡ್ತಾನೆ? ಬುಕ್ ಮಾಡಿದ್ದನ್ನು ಕ್ಯಾನ್ಸಲ್ ಮಾಡ್ತಾನೆ."

ಆಕ್ಷೇಪಿಸಲು ನನಗೇನೂ ಹೊಳೆಯಲಿಲ್ಲ. ಶುಕ್ರವಾರ ಮಿಂದು, ಚಹಾ ಕುಡಿದು, ಲ್ಯಾಪ್‌ಟಾಪಿನ ಮುಂದೆ ಪದ್ಮಾಸನ ಹಾಕಿ ಕೂತೆ. ರಿಫ್ರೆಶ್. ರಿಫ್ರೆಶ್. ಚಹಾ ಆರಿತು. ರಿಫ್ರೆಶ್. ಒಮ್ಮೆಲೇ ನನಗೆ ಬೇಕಾದ ವಾರದಲ್ಲೇ ಒಂದು ಖಾಲಿ ಜಾಗ ಮಿನುಗಿತು. ಒತ್ತಿದೆ. ಮೊದಲು ನೀವು ಮನುಷ್ಯರೆಂದು ಸಾಬೀತುಪಡಿಸಿ, ಮೋಟರ್‌ಸೈಕಲ್ ಇರುವ ಚೌಕಗಳನ್ನು ಆರಿಸಿ ಎಂದಿತು. ಒಂದು ಚೌಕದಲ್ಲಿ ಬರೀ ಕನ್ನಡಿಯಿತ್ತು. ಕನ್ನಡಿ ಮೋಟರ್‌ಸೈಕಲ್ಲೇ? ನಾನು ಈ ಜಿಜ್ಞಾಸೆಯಲ್ಲಿದ್ದಾಗ ತತ್ವಜ್ಞಾನದ ಉಪದ್ರವವಿಲ್ಲದ ಯಾರೋ ಆ ಜಾಗ ಕೊಂಡುಹೋದರು.

ನಂಬಿಕಸ್ಥನಾಗುವುದು ಅತ್ತ ಇರಲಿ, ನಾನು ಮನುಷ್ಯನೆಂಬುದೇ ಇತ್ಯರ್ಥವಾಗಲಿಲ್ಲ.

ಸಂಜೆ ಲಾರೆನ್ಸ್ ತಮ್ಮ ಲ್ಯಾಪ್‌ಟಾಪ್ ಹಿಡಿದುಕೊಂಡೇ ಕೆಳಗಿಳಿದು ಬಂದರು. ಅವರದ್ದೂ ಅರ್ಜಿಯಿತ್ತಂತೆ. ಸಂದರ್ಶನ ಮುಂಬೈಯಲ್ಲಿ, ಅದೇ ವಾರ.

"ನಾನು ಕ್ಯಾನ್ಸಲ್ ಮಾಡ್ತೇನೆ. ಬಿಟ್ಟ ಕೂಡ್ಲೇ ನೀವು ಹಿಡೀರಿ."

"ಮತ್ತೆ ನಿಮಗೆ?"

"ನನಗೆ ಕ್ರಿಸ್ಮಸ್‌ಗಾದ್ರೆ ಸಾಕು ಮಾರಾಯ್ರೆ. ನನ್ನನ್ನು ಮಂಟಪದಲ್ಲಿ ಯಾರೂ ಕಾಯ್ತಾ ಇಲ್ಲ."

ಊಟದ ಮೇಜಿನ ಮೇಲೆ ಎರಡು ಲ್ಯಾಪ್‌ಟಾಪ್. ಹಿಂದೆ ಹೆಂಡತಿ.

"ಬಿಡ್ಲಾ?"

"ಬಿಡಿ."

"ಬಿಟ್ಟೆ. ಯಲ್ಲಾ, ಬೇಗ ಒತ್ತಿ."

"ಕನ್ನಡಿ ನೋಡ್ತಾ ಕೂರ್ಬೇಡಿ," ಎಂದಳು ಹೆಂಡತಿ. "ಚಕ್ರ ಕಂಡಲ್ಲೆಲ್ಲ ಒತ್ತಿ."

ಒತ್ತಿದೆ. ಸಿಕ್ಕಿತು. "ಖಲಾಸ್," ಎಂದು ಲಾರೆನ್ಸ್ ಲ್ಯಾಪ್‌ಟಾಪ್ ಮಡಚಿ, ಒಂದು ಲೋಟ ನೀರು ಕೇಳಿದರು.

ಮುಂಬೈಯ ಅಧಿಕಾರಿ ಸಭ್ಯರು. ಕೆಲಸ, ಊರು, ಪ್ರಯಾಣದ ಉದ್ದೇಶ ಎಲ್ಲ ಕೇಳಿ, ಕಡೆಗೆ ಹಿಂದಿಯಲ್ಲಿ, ಏನೂ ಅಲ್ಲವೆಂಬಂತೆ, "ಬೇರೆಯವರ ಸಾಮಾನು ತರುತ್ತೀರಾ?" ಎಂದರು.

ಇಲ್ಲಿ ಒಂದು ಮಾತು ಹೇಳಬೇಕು. ಗಲ್ಫಿನಲ್ಲಿ ನೀವು ಊರಿಗೆ ಟಿಕೆಟ್ ಮಾಡಿದ ಸುದ್ದಿ ನಿಮಗಿಂತ ಮೊದಲು ಬಿಲ್ಡಿಂಗಿಗೆ ಗೊತ್ತಾಗುತ್ತದೆ. ಬೆಲ್ ಆಗುತ್ತದೆ. "ಒಂದು ಸಣ್ಣ ಪಾರ್ಸೆಲ್." ಕಂದು ಟೇಪು ಸುತ್ತಿ ಸುತ್ತಿ ಈಜಿಪ್ಟಿನ ಮಮ್ಮಿಯಂತಾದ ಪೆಟ್ಟಿಗೆ. ಅದನ್ನು ಕೈಯಲ್ಲಿ ಎತ್ತಿ ತೂಕ ಅಂದಾಜು ಮಾಡಬಹುದು, ತಪ್ಪಿಲ್ಲ. ಒಳಗೇನು ಎಂದು ಮಾತ್ರ ಕೇಳಬಾರದು. ಕೇಳಿದವನಿಗೆ ಮತ್ತೆ ಯಾರೂ ಕೊಡುವುದಿಲ್ಲ. ನಾನು ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಕೇಳಿದವನಲ್ಲ. ಅಲ್ ಹೈಲ್‌ನಲ್ಲಿ ನನಗಿರುವ ಮರ್ಯಾದೆಯೆಲ್ಲ ಅದರಿಂದಲೇ.

"ತರುತ್ತೇನೆ," ಎಂದೆ.

"ಒಳಗೇನಿದೆ ನೋಡುತ್ತೀರಾ?"

"ಇಲ್ಲ. ಅವರು ನನ್ನನ್ನು ನಂಬಿ ಕೊಡುತ್ತಾರೆ."

"ನೀವು ಅವರನ್ನು ನಂಬಿ ತರುತ್ತೀರಿ. ಸರಿ. ನಾನು ಯಾರನ್ನು ನಂಬಲಿ?"

ಇನ್ನು ಮುಂದೆ ತೆರೆದು ನೋಡದೆ ಏನನ್ನೂ ತರಬೇಡಿ ಎಂದರು. ಆಗಲಿ ಎಂದು ಮಾತು ಕೊಟ್ಟೆ. ಕೆಲವೇ ದಿನಗಳಲ್ಲಿ ಒಪ್ಪಿಗೆಯ ಸಂದೇಶ ಬಂತು. ನಾನೀಗ ಅಧಿಕೃತವಾಗಿ ನಂಬಿಕಸ್ಥ.

ಮದುವೆಗೆ ಹೊರಡುವ ಮುನ್ನಾದಿನ ಬೆಲ್ ಆಯಿತು. ಲಾರೆನ್ಸ್. ಕಂಕುಳಲ್ಲಿ ಟೇಪು ಸುತ್ತಿದ ಪೆಟ್ಟಿಗೆ. ಕಿನ್ನಿಗೋಳಿಯ ತಮ್ಮನಿಗೆ, ಪ್ರತಿ ಸಲದಂತೆ.

ಸುಮ್ಮನೆ ತೆಗೆದುಕೊಳ್ಳಬಹುದಿತ್ತು. ಗಾಜಿನ ಗೇಟಿಗೆ ಪೆಟ್ಟಿಗೆಯ ಹೊಟ್ಟೆ ಕಾಣಿಸುತ್ತದೆಯೇ? ಆದರೆ ಮಾತು ಕೊಟ್ಟಿದ್ದೆ. ಆ ಮಾತು ಕೊಡಲು ನನಗೆ ಜಾಗ ಬಿಟ್ಟುಕೊಟ್ಟವರೇ ಎದುರು ನಿಂತಿದ್ದರು. ಇಂಥ ಸಂದರ್ಭದಲ್ಲಿ ಸಜ್ಜನನಾದವನು ಏನು ಮಾಡುತ್ತಾನೆ? ನನಗೆ ಇವತ್ತಿಗೂ ತಿಳಿದಿಲ್ಲ.

"ಒಳಗೆ ಏನುಂಟು ಲಾರೆನ್ಸ್?" ಎಂದೆ, ಆದಷ್ಟು ತಮಾಷೆಯ ದನಿಯಲ್ಲಿ.

ಅವರು ನನ್ನನ್ನೊಮ್ಮೆ ನೋಡಿದರು. "ನೀವು ಕೇಳುದಾ, ಸರಕಾರ ಕೇಳುದಾ?"

"ಸರಕಾರ."

"ಹಾಗಾದ್ರೆ ಬ್ಲೇಡ್ ಕೊಡಿ."

ಮೇಜಿನ ಮೇಲಿಟ್ಟು ತಾವೇ ಟೇಪು ಕೊಯ್ದರು. ಮೇಲೆ ಒಂದಷ್ಟು ಚಾಕಲೇಟು. ಕೆಳಗೆ ಶರ್ಟುಗಳು. ಇಸ್ತ್ರಿ ಮಾಡಿ, ಅಂಗಡಿಯವರಂತೆ ಗುಂಡಿ ಹಾಕಿ ಮಡಚಿದ್ದವು. ಮೇಲಿನ ನೀಲಿ ಗೆರೆಯ ಶರ್ಟು ನನಗೆ ಗೊತ್ತಿತ್ತು. ಎಷ್ಟೋ ಶುಕ್ರವಾರ ಅದನ್ನು ತೊಟ್ಟು ಅವರು ನಮ್ಮಲ್ಲಿ ಚಹಾ ಕುಡಿದಿದ್ದಾರೆ. ಕಾಲರಿನ ಅಂಚು ಸವೆದಿತ್ತು.

"ತಮ್ಮನಿಗೆ ಅಳತೆ ಸರಿಯಾಗ್ತದೆ," ಎಂದರು ಲಾರೆನ್ಸ್, ಶರ್ಟುಗಳಿಗೆ ಹೇಳುವವರಂತೆ.

ಹೆಂಡತಿ ಯಾರೂ ಕೇಳದೆಯೇ ಟೇಪು ತಂದು ಕೊಟ್ಟು ಒಳಗೆ ಹೋದಳು.

ಮುಂಬೈಯಲ್ಲಿ ಗಾಜಿನ ಗೇಟು ನನ್ನನ್ನು ಕಂಡ ಕೂಡಲೇ ತೆರೆದುಕೊಂಡಿತು. ಮುಹೂರ್ತಕ್ಕೆ ಬೇಕಾದಷ್ಟು ಮೊದಲೇ ಮುಟ್ಟಿ, ಹುಡುಗಿಯ ಕೈ ಹಿಡಿದು ಮಂಟಪಕ್ಕೆ ಕರೆತಂದೆ. "ಈ ಸಲ ಬಂದೆಯಲ್ಲ," ಎಂದಳು ಅಕ್ಕ. ಪಾರ್ಸೆಲ್ ಪಡೆಯಲು ಲಾರೆನ್ಸರ ತಮ್ಮ ಮದುವೆ ಹಾಲಿಗೇ ಬಂದಿದ್ದರು. ನಾನು ಅವರ ಮುಖವನ್ನೇ ನೋಡಿ ಮಾತಾಡಿದೆ, ಶರ್ಟಿನ ಕಡೆಗೆ ಕಣ್ಣು ಹೋಗದ ಹಾಗೆ.

ಮಸ್ಕತ್ತಿಗೆ ಮರಳಿದ್ದೇನೆ. ಲಾರೆನ್ಸ್ ಎಂದಿನಂತೆ ಚಹಾಕ್ಕೆ ಬರುತ್ತಾರೆ, ನಗುತ್ತಾರೆ, ಹೊಸ ಸಿದ್ಧಾಂತ ಮಂಡಿಸುತ್ತಾರೆ. ಊರಿಗೆ ಕಳುಹಿಸುವುದನ್ನು ಮಾತ್ರ ಈಗ ಕಾರ್ಗೋದವರಿಗೆ ಕೊಡುತ್ತಾರಂತೆ.

ಗಾಜಿನ ಗೇಟು ನನ್ನನ್ನು ನಂಬಿದೆ, ಸರಿ. ಮೇಲಿನ ಮಹಡಿಯ ಬಾಗಿಲಿಗೆ ಅಪಾಯಿಂಟ್‌ಮೆಂಟ್ ಎಲ್ಲಿ ಸಿಗುತ್ತದೆ?