ಸೀತಾರಾಮಪ್ಪನವರ ಒಲೆಗೆ ಬೆಣೆಯೇ ಸೌದೆ

"ಒತ್ತು."

ಜೀಪಿನಲ್ಲಿ ಕೂತ ತನುಜಾ ಬ್ರೇಕ್ ಪೆಡಲ್ ಒತ್ತುತ್ತಾರೆ. ಹಿಂದಿನ ಟ್ರೈಲರ್‌ಗೆ ಹೊಸದಾಗಿ ಕೂರಿಸಿದ ಸಣ್ಣ ಪಂಪು ಗುಂಯ್ ಎನ್ನುತ್ತದೆ. ಚಕ್ರದ ಮಗ್ಗುಲಲ್ಲಿ ಗೋಣಿಚೀಲ ಹಾಸಿಕೊಂಡು ಮಲಗಿರುವ ಸೀತಾರಾಮಪ್ಪ ಸ್ಪಾನರ್‌ನಿಂದ ಒಂದು ತಿರುಪನ್ನು ಸಡಿಲಿಸುತ್ತಾರೆ. ಪ್ಲಾಸ್ಟಿಕ್ ನಳಿಗೆಯಲ್ಲಿ ಬ್ರೇಕ್ ಆಯಿಲ್ ಜೊತೆ ಗುಳ್ಳೆಗಳೂ ಇಳಿಯುತ್ತವೆ.

"ಇನ್ನೂ ಗಾಳಿ ಅದೆ. ಬಿಡು. ಮತ್ತೆ ಒತ್ತು."

ಸಾಗರದಿಂದ ಇಕ್ಕೇರಿ ದಾಟಿ ಹಿನ್ನೀರಿನ ಕಡೆ ಹೋಗುವ ರಸ್ತೆಯ ಪಕ್ಕದ ತಗಡಿನ ಶೆಡ್ಡು ಇದು. ಬೋರ್ಡಿಲ್ಲ. ಬೆಳಕು ಈಗಷ್ಟೇ ಹರಿಯುತ್ತಿದೆ, ದೇವಸ್ಥಾನ ನೋಡಲು ಬರುವ ಕಾರುಗಳಿಗೆ ಇನ್ನೂ ಹೊತ್ತಿದೆ. ಮೂಲೆಯಲ್ಲಿ ಮೂರು ಕಲ್ಲಿನ ಒಲೆಯ ಮೇಲೆ ಚಹಾ ಕುದಿಯುತ್ತಿದೆ. ಒಲೆಗೆ ಹಾಕಿರುವುದು ಕಾಡಿನ ಸೌದೆಯಲ್ಲ. ಗೇಣುದ್ದದ, ಒಂದು ತುದಿ ಚೂಪು ಮಾಡಿದ ಮರದ ಬೆಣೆಗಳು. ಒಂದೊಂದೂ ಒಂದೊಂದು ದೋಣಿ ಟ್ರೈಲರ್‌ನಿಂದ ಸೀತಾರಾಮಪ್ಪ ಕೈಯಾರೆ ಕಿತ್ತದ್ದು.

ತನುಜಾ, ಸೀತಾರಾಮಪ್ಪನವರ ತಮ್ಮ ಶಂಭುವಿನ ಹೆಂಡತಿ. ಶಂಭು ಈಗ ಇಲ್ಲ. ಇಬ್ಬರೂ ಈ ಬೆಳಗಿನಲ್ಲಿ ರಿಪೇರಿ ಮಾಡುತ್ತಿರುವ ಈ ಟ್ರೈಲರೇ ಆತನ ಮೇಲೆ ಹರಿದದ್ದು. ಸೀತಾರಾಮಪ್ಪನವರ ಕೆಲಸದ ಬಗ್ಗೆ ಬರೆಯಲು ಬಂದ ನನಗೆ ಇದು ಗೊತ್ತಾದದ್ದು ಶೆಡ್ಡಿಗೆ ಬಂದು ಅರ್ಧ ಗಂಟೆಯ ಮೇಲೆ, ಅದೂ ತನುಜಾ ಚಹಾ ಲೋಟ ಕೈಗಿಡುತ್ತ ಗದ್ದದಲ್ಲೇ ಟ್ರೈಲರ್ ತೋರಿಸಿ "ಇದೇ" ಎಂದಾಗ.

ಹಿನ್ನೀರಿನಲ್ಲಿ ದೋಣಿ ನಡೆಸುವವರಿಗೆ ನೀರು ಒಂದೇ ಕಡೆ ನಿಲ್ಲುವುದಿಲ್ಲ. ಬೇಸಿಗೆಯಲ್ಲಿ ಹಿಂದೆ ಸರಿಯುತ್ತದೆ, ದಡದ ಇಳಿಜಾರು ಉದ್ದವಾಗುತ್ತ ಹೋಗುತ್ತದೆ. ಮಳೆಗಾಲಕ್ಕೆ ಮುಂಚೆ ದೋಣಿಯನ್ನು ಮೇಲೆಳೆದು ತರಬೇಕು, ಮಳೆ ನಿಂತ ಮೇಲೆ ಮತ್ತೆ ಇಳಿಸಬೇಕು. ಪ್ರವಾಸಿಗರನ್ನು ಕೂರಿಸುವ ದೊಡ್ಡ ದೋಣಿಯೆಂದರೆ ಎಂಜಿನ್, ಮೇಲ್ಚಾವಣಿ ಎಲ್ಲ ಸೇರಿ ಎಳೆಯುವ ಜೀಪಿಗಿಂತ ಭಾರ. ಹೊಸನಗರ, ತೀರ್ಥಹಳ್ಳಿ ಕಡೆಯಿಂದಲೂ ಇಂಥ ಟ್ರೈಲರ್‌ಗಳು ಸೀತಾರಾಮಪ್ಪನವರ ಬಳಿಗೆ ಬರುತ್ತವೆ.

ಹಳೆಯ ಟ್ರೈಲರ್‌ಗಳ ಬ್ರೇಕಿಗೆ ಒಂದು ಗುಣವಿದೆ. ಜೀಪು ನಿಧಾನವಾದಾಗ ಟ್ರೈಲರ್ ಮುಂದಕ್ಕೆ ಒತ್ತುತ್ತದೆ, ಜೀಪಿಗೆ ಸಿಕ್ಕಿಸಿದ ಕೊಂಡಿ ಒಳಕ್ಕೆ ಜಾರಿ ಬ್ರೇಕಿನ ಸರಳನ್ನು ಎಳೆಯುತ್ತದೆ, ಬ್ರೇಕ್ ತಾನಾಗಿ ಹಿಡಿಯುತ್ತದೆ. ಆದರೆ ರಿವರ್ಸ್ ತೆಗೆಯುವಾಗಲೂ ಕೊಂಡಿ ಹೀಗೇ ಒಳಕ್ಕೆ ಒತ್ತುತ್ತದೆ, ಬೇಡದಿದ್ದರೂ ಚಕ್ರ ಕಚ್ಚಿಕೊಂಡು ನಿಲ್ಲುತ್ತದೆ. ಅದಕ್ಕೆ ನಮ್ಮವರು ಕಂಡುಕೊಂಡ ಉಪಾಯವೇ ಬೆಣೆ. ಕೊಂಡಿಯ ಸಂದಿಗೆ ಮರದ ಬೆಣೆ ಜಡಿದರೆ ಅದು ಜಾರುವುದಿಲ್ಲ, ಬ್ರೇಕೂ ಹಿಡಿಯುವುದಿಲ್ಲ. ರಿವರ್ಸ್ ಮುಗಿದ ಮೇಲೆ ಬೆಣೆ ಕೀಳಬೇಕು. ಕೀಳದೆ ಇಳಿಜಾರಿಗೆ ಹೊರಟರೆ ಟ್ರೈಲರ್‌ಗೆ ಬ್ರೇಕೇ ಇರುವುದಿಲ್ಲ.

ಇದು ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಮರೆಯುತ್ತಾರೆ. ಮರೆತರೂ ಪರವಾಗಿಲ್ಲ ಎಂಬ ಧೈರ್ಯಕ್ಕೆ ಹಿಂದೆ ಒಬ್ಬ ಮನುಷ್ಯನನ್ನು ನಡೆಸುತ್ತಾರೆ. ಅವನ ಕೈಯಲ್ಲೊಂದು ಮರದ ದಿಮ್ಮಿ. ಗಾಡಿ ಜಾರಿದರೆ ಓಡಿಹೋಗಿ ಚಕ್ರಕ್ಕೆ ಅಡ್ಡ ಕೊಡುವುದು ಅವನ ಕೆಲಸ. ಟನ್ನುಗಟ್ಟಲೆ ಭಾರಕ್ಕೆ ಬಡಪಾಯಿಯೊಬ್ಬನ ತೋಳು ಅಡ್ಡ! ಬರೆಯುವಾಗ ಈಗಲೂ ನನಗೆ ಸಿಟ್ಟು ಬರುತ್ತದೆ.

ಶಂಭು ಮಾಡುತ್ತಿದ್ದದ್ದು ಆ ಕೆಲಸ. ಅವತ್ತು ದೋಣಿಯನ್ನು ಅಂಗಳದಿಂದ ರಿವರ್ಸ್ ತೆಗೆದು ತಿರುಗಿಸಿದರು. ಬೆಣೆ ಕೊಂಡಿಯಲ್ಲೇ ಉಳಿಯಿತು. ಇಳಿಜಾರಿನ ನಡುವೆ ಟ್ರೈಲರ್ ಜೀಪನ್ನು ತಳ್ಳಲು ಶುರುಮಾಡಿದಾಗ ಶಂಭು ಓಡಿಬಂದು ದಿಮ್ಮಿ ಕೊಟ್ಟರು. ಚಕ್ರ ದಿಮ್ಮಿಯನ್ನು ಹತ್ತಿ ಇಳಿಯಿತು, ಟ್ರೈಲರ್ ಅಡ್ಡಡ್ಡಲಾಗಿ ತಿರುಗಿತು. ಚಾಲಕನ ಅಜಾಗರೂಕತೆ ಎಂದು ಪೊಲೀಸರು ಕಾಗದದಲ್ಲಿ ಬರೆದು ಮುಗಿಸಿದರು.

"ಬೆಣೆ ಯಾರು ಜಡಿದಿದ್ದು ಅಂತ ನಾ ಯಾರನ್ನೂ ಕೇಳಿಲ್ಲ" ಎನ್ನುತ್ತಾರೆ ತನುಜಾ. "ಅವತ್ತು ಬೇರೆಯವ್ರು ಜಡಿದಿರಬಹುದು. ಹಿಂದಿನ ದಿನ ನಮ್ಮನೆಯವ್ರೇ ಜಡಿದಿರ್ತಾರೆ. ಕೇಳಿ ಎಂತ ಮಾಡೋದು?"

ಸೀತಾರಾಮಪ್ಪ ಅದುವರೆಗೆ ಟಿಪ್ಪರ್, ಟ್ರ್ಯಾಕ್ಟರ್‌ಗಳ ಬ್ರೇಕ್ ಮಾಡಿಕೊಂಡಿದ್ದವರು. ತಮ್ಮನ ಕಾರ್ಯ ಮುಗಿಸಿ ಶೆಡ್ಡಿಗೆ ಬಂದವರು ದೋಣಿ ಟ್ರೈಲರ್‌ಗಳನ್ನಷ್ಟೇ ಹಿಡಿದರು. ನೀರಿಗಿಳಿದು ಬರುವ ಚಕ್ರಗಳು ಬೇಗ ತುಕ್ಕು ಹಿಡಿಯುತ್ತವೆ, ಡ್ರಮ್ಮಿನೊಳಗೆ ಕೆಸರು ಕೂರುತ್ತದೆ, ಬಿಚ್ಚುವುದೇ ಒಂದು ಸಾಹಸ. ಹಾಗಾಗಿ ಬೇರೆ ಮೆಕ್ಯಾನಿಕ್‌ಗಳು ಇವುಗಳ ತಂಟೆಗೆ ಹೋಗುವುದಿಲ್ಲ. ಇವರು ಡ್ರಮ್ ತೆಗೆದು ನಾಲ್ಕೂ ಚಕ್ರಕ್ಕೆ ಡಿಸ್ಕ್ ಕೂರಿಸುತ್ತಾರೆ. ಸರಳಿನ ಬದಲು ಆಯಿಲ್ ಪೈಪು, ಬ್ಯಾಟರಿಯ ಪಂಪು. ಇನ್ನು ಕೊಂಡಿ ಜಾರುವ ಮಾತಿಲ್ಲ, ಚಾಲಕ ಕಾಲಲ್ಲಿ ಒತ್ತಿದಾಗ ಮಾತ್ರ ಟ್ರೈಲರ್‌ನ ಬ್ರೇಕ್ ಹಿಡಿಯುತ್ತದೆ. ಕೊನೆಗೆ ಬೆಣೆ ಜಡಿಯುವ ಸಂದಿಯನ್ನು ವೆಲ್ಡಿಂಗ್ ಮಾಡಿ ಮುಚ್ಚಿಬಿಡುತ್ತಾರೆ.

ಈ ವೆಲ್ಡಿಂಗ್ ವಿಷಯಕ್ಕೇ ಮೊನ್ನೆ ಜಗಳವಾಯಿತು. ಟ್ರೈಲರ್‌ನ ಯಜಮಾನ ಪೂರ್ಣೇಶ್ ಕೆಟ್ಟ ಮನುಷ್ಯರಲ್ಲ, ಬ್ರೇಕ್ ಬದಲಾಯಿಸಲು ಅವರೇ ತಂದದ್ದು. ಆದರೆ ಸಂದಿ ಮುಚ್ಚುವುದಕ್ಕೆ ಅವರು ಒಪ್ಪಲಿಲ್ಲ.

"ಬ್ಯಾಟರಿ ಕೈಕೊಟ್ರೆ ಹಳೇ ಸಿಸ್ಟಮ್ ಬೇಕಾಗ್ತದೆ ಸೀತಾರಾಮಣ್ಣ. ಅದನ್ನ ಹಂಗೇ ಬಿಡಿ" ಎಂದರು.

"ಬ್ಯಾಟರಿ ಕೈಕೊಟ್ರೆ ದೋಣಿ ನಿಲ್ಸಿ."

"ಟೂರಿಸ್ಟ್ ಬಂದು ಕಾಯ್ತಿರ್ತಾರೆ ಮಾರಾಯ್ರೆ."

"ಕಾಯ್ಲಿ. ಸಂದಿ ಇದ್ರೆ ನಿಮ್ಮವ್ರು ಬೆಣೆ ಜಡಿಯೋರೇ. ಹಳೇ ಸಾಮಾನೆಲ್ಲ ಕಿತ್ತಾಗಿದೆ, ಬ್ಯಾಟರಿನೂ ಇಲ್ಲ ಅಂದ್ರೆ ಬ್ರೇಕೇ ಇಲ್ಲ, ಮತ್ತೆ ಹಿಂದೆ ದಿಮ್ಮಿ ಹಿಡ್ಕೊಂಡು ಒಬ್ಬ."

ಆ ಒಬ್ಬ ಯಾರೆಂದು ಅಲ್ಲೇ ನಿಂತಿದ್ದ ತನುಜಾ ಸೇರಿ ಮೂವರಿಗೂ ಗೊತ್ತಿತ್ತು. ಶಂಭು ಹೋದ ಮೇಲೆ ಈ ಟ್ರೈಲರ್‌ನ ಹಿಂದೆ ನಡೆಯುತ್ತಿರುವವರು ತನುಜಾರ ತಮ್ಮ ದಿನೇಶ್. ಅಕ್ಕ ಕಾಲು ಹಿಡಿಯುವುದೊಂದು ಬಾಕಿ, ಅಷ್ಟು ಹೇಳಿ ನೋಡಿದ್ದಾರೆ. ದಿನೇಶ್ ಮಾತು ಒಂದೇ: "ನಾ ಹೋಗ್ದಿದ್ರೆ ಇನ್ನೊಬ್ಬ ಹೋಗ್ತಾನಲ್ಲ ಅಕ್ಕ. ಅವನಿಗೂ ಅಕ್ಕ ಇರ್ತಾಳೆ."

ಪೂರ್ಣೇಶ್ "ಬೆಳಿಗ್ಗೆ ನೋಡೋಣ" ಎಂದು ಹೋದರು. ನಿನ್ನೆ ಬೆಳಿಗ್ಗೆ ಅವರು ಬರುವಷ್ಟರಲ್ಲಿ ಸೀತಾರಾಮಪ್ಪ ವೆಲ್ಡಿಂಗ್ ಮುಗಿಸಿ ಬಣ್ಣವನ್ನೂ ಬಳಿದಿದ್ದರು. ಪೂರ್ಣೇಶ್ ಕೊಂಡಿಯ ಮೇಲೆ ಕೈಯಾಡಿಸಿದರು, ಬಣ್ಣ ಬೆರಳಿಗೆ ಮೆತ್ತಿತು. ತನುಜಾರ ಮುಖ ನೋಡಿದರು. ಬೆರಳು ಒರೆಸಿಕೊಂಡು ಗಾಡಿ ಹತ್ತಿದರು.

ನಳಿಗೆಯಲ್ಲಿ ಈಗ ಗುಳ್ಳೆಯಿಲ್ಲ, ಬ್ರೇಕ್ ಪೈಪಿನ ಗಾಳಿಯೆಲ್ಲ ಹೊರಬಿದ್ದಿದೆ. ಇವತ್ತು ಪರೀಕ್ಷೆ. ಜೀಪು ಶೆಡ್ಡು ಬಿಡುತ್ತದೆ, ದೋಣಿ ಹೇರಿಕೊಂಡು ದಡದ ದಾರಿ ಹಿಡಿಯುತ್ತದೆ. ತನುಜಾ ಬರುವುದಿಲ್ಲ. ಆ ಇಳಿಜಾರನ್ನು ಅವರು ಮತ್ತೆ ನೋಡಿಲ್ಲ.

ಇಳಿಜಾರಿನ ತಲೆಯಲ್ಲಿ ದಿನೇಶ್ ಕಾಯುತ್ತಿದ್ದಾರೆ. ಅಭ್ಯಾಸಬಲ, ಕೈಯಲ್ಲಿ ದಿಮ್ಮಿ ಇದೆ. ಸೀತಾರಾಮಪ್ಪ ಇಳಿದು ಅದನ್ನು ಕಿತ್ತುಕೊಂಡು ಜೀಪಿನೊಳಗೆ ಎಸೆಯುತ್ತಾರೆ.

"ಹತ್ತು."

"ಹಿಂದೆ ಯಾರು ಭಾವ?"

"ಯಾರೂ ಇಲ್ಲ. ಹತ್ತು ಅಂದ್ನಲ್ಲ."

ತಾವೇ ಸ್ಟಿಯರಿಂಗ್ ಹಿಡಿಯುತ್ತಾರೆ. ನಾನು ದಾರಿಯ ಬದಿಯಲ್ಲಿ ನಿಂತಿದ್ದೇನೆ, ಭಯವಾಗುತ್ತಿದೆ. ಜೀಪು ಇಳಿಯುತ್ತದೆ, ಹಿಂದೆ ಅಷ್ಟು ದೊಡ್ಡ ದೋಣಿ. ಸರಿಯಾಗಿ ನಡುವೆ, ಅತಿ ಕಡಿದಾದ ಕಡೆ, ಅವರು ಬ್ರೇಕ್ ಒತ್ತುತ್ತಾರೆ. ದೋಣಿಯ ಮೇಲ್ಚಾವಣಿ ಒಮ್ಮೆ ತೂಗಿ ಸುಮ್ಮನಾಗುತ್ತದೆ. ನಾಲ್ಕೂ ಚಕ್ರ ನಿಂತಲ್ಲೇ ನಿಂತಿವೆ. ರಿವರ್ಸ್ ಹಾಕುತ್ತಾರೆ, ಟ್ರೈಲರ್ ಕಚ್ಚದೆ ಹಿಂದಕ್ಕೆ ಹತ್ತುತ್ತದೆ. ಮತ್ತೆ ಇಳಿಸುತ್ತಾರೆ, ಅದೇ ಜಾಗದಲ್ಲಿ ಮತ್ತೆ ನಿಲ್ಲಿಸುತ್ತಾರೆ.

ಜೀಪಿನಿಂದ ಇಳಿದು ಬರುತ್ತಾರೆ. ಚಕ್ರ ಮುಟ್ಟಿ ನೋಡುತ್ತಾರೆ. "ಇಲ್ಲೇ ಸರ್ ಅವ್ನು ಬಿದ್ದಿದ್ದು" ಎನ್ನುತ್ತಾರೆ. "ಇಷ್ಟು ಮಾಡೋದು ನಂಗೆ ಆಗ್ಲೂ ಬರ್ತಿತ್ತು. ಯಾರೂ ಹೇಳ್ಲಿಲ್ಲ, ನಾನೂ ಮಾಡ್ಲಿಲ್ಲ."

ಶೆಡ್ಡಿಗೆ ಮರಳಿದಾಗ ಹೊಸನಗರದ ಕಡೆಯ ಇನ್ನೊಂದು ಟ್ರೈಲರ್ ಬಂದು ನಿಂತಿದೆ. ತಂದವರು ಹೋಟೆಲ್ ಹುಡುಕಿಕೊಂಡು ಹೋಗಿದ್ದಾರೆ. ತನುಜಾ ನಮ್ಮನ್ನು ಕಂಡು ಎದ್ದು ನಿಲ್ಲುತ್ತಾರೆ. ಕೇಳುವುದು ಒಂದೇ ಪ್ರಶ್ನೆ.

"ಹಿಂದೆ ಯಾರು ನಡೆದ್ರು ಭಾವ?"

"ಯಾರೂ ನಡೀಲಿಲ್ಲ. ದಿನೇಶ ನನ್ನ ಪಕ್ಕ ಕೂತಿದ್ದ."

ತನುಜಾ ಅತ್ತ ತಿರುಗಿ ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಾರೆ. ಆಮೇಲೆ ಹೊಸದಾಗಿ ಬಂದ ಟ್ರೈಲರ್ ಬಳಿಗೆ ಹೋಗುತ್ತಾರೆ. ಅದರ ಕೊಂಡಿಯಲ್ಲಿ ಬೆಣೆ ಹಾಗೇ ಇದೆ. ಅಷ್ಟು ದೂರದಿಂದ, ಅಷ್ಟೂ ತಿರುವು ಇಳಿದು, ಬ್ರೇಕಿಲ್ಲದೆ ಬಂದಿದೆ. ತನುಜಾ ಸುತ್ತಿಗೆಯಿಂದ ಎರಡೇಟು ಹೊಡೆದು ಬೆಣೆ ಕಿತ್ತು ಒಲೆಯ ಪಕ್ಕದ ರಾಶಿಗೆ ಹಾಕುತ್ತಾರೆ. ರಾಶಿ ಮೊಣಕಾಲುದ್ದ ಇದೆ.

ಈ ಕೆಲಸದಿಂದ ನಿಮಗೆ ಏನಾಗಬೇಕೆಂಬ ಆಸೆ ಎಂದು ನಾನು ಸೀತಾರಾಮಪ್ಪನವರನ್ನು ಕೇಳಿದ್ದೆ. ಈಗ ರಾಶಿಯ ಕಡೆ ನೋಡುತ್ತ ಹೇಳುತ್ತಾರೆ:

"ಈ ಸೌದೆ ಮುಗೀಬೇಕು ಸರ್. ಮುಗಿದ ದಿನ ಚಾ ಕಾಸೋಕೆ ಗ್ಯಾಸ್ ತರ್ತೀವಿ."